ನಡೆಯದ ಕಾಳಗಗಳು



ವಾಲಿಗೂ ಭೀಮನಿಗೂ ಮುಷ್ಟಿಕಾಳಗ ನಡೆದಿದ್ದರೆ ಗೆಲ್ಲುತ್ತಿದ್ದವರಾರು? ಒಬ್ಬನು ತ್ರೇತಾಯುಗದವನು, ಇನ್ನೊಬ್ಬನು ದ್ವಾಪರದವನು. ಇಬ್ಬರೂ ಇದಿರುಬದಿರಾಗುವ ಸಂಭವವೇ ಇರಲಿಲ್ಲ. ಆದರೆ ಜಗಲಿಯ ಮೇಲೆ ಕುಳಿತು ವಾದಿಸುವವರಿಗೆ ಯುಗಗಳ ಅಂತರ ಒಂದು ಅಡ್ಡಿಯೇ ಅಲ್ಲ. ಅಮೆರಿಕದ ಮುಷ್ಟಿಯುದ್ಧಪ್ರಿಯರೂ ಇಂಥದೇ ವಾದದಲ್ಲಿ ತಲೆಮಾರುಗಳಿಂದ ಮುಳುಗಿದ್ದಾರೆ. ಜ್ಯಾಕ್ ಡೆಂಪ್ಸಿಯು ಜೋ ಲೂಯಿಸನ ಮುಂದೆ ನಿಲ್ಲುತ್ತಿದ್ದನೆ? ರಾಕಿ ಮಾರ್ಸಿಯಾನೋ ಮಹಮ್ಮದ್ ಆಲಿಯನ್ನು ಕೆಡವುತ್ತಿದ್ದನೆ? ಉತ್ತರವಿಲ್ಲದ ಪ್ರಶ್ನೆಗಳೆಂದು ಇವನ್ನು ತಳ್ಳಿಬಿಡುವುದು ಸುಲಭ. ಆದರೆ ಇವುಗಳ ಬೆನ್ನುಹತ್ತಿ ಹೋದ ಚರಿತ್ರೆಯ ವಿದ್ಯಾರ್ಥಿಗೆ ಬೇರೊಂದು ಪ್ರಶ್ನೆ ಎದುರಾಗುತ್ತದೆ. ಅದನ್ನೇ ಇಂದು ತಮ್ಮ ಮುಂದಿಡಬೇಕೆಂದಿದ್ದೇನೆ.

ಈ ವಾದವನ್ನು ಯಂತ್ರದಿಂದ ತೀರ್ಮಾನ ಮಾಡಿಸುವ ಸಾಹಸವೊಂದು 1967ರಲ್ಲಿ ನಡೆಯಿತು, ಅದೂ ರೇಡಿಯೋದಲ್ಲಿಯೇ. ಮಯಾಮಿ ನಗರದ ಮರ್ರೆ ವೊರೋನರ್ ಎಂಬಾತನು ಭಾರಿ ತೂಕದ ವರ್ಗದ ಹದಿನಾರು ಜಗಜ್ಜೆಟ್ಟಿಗಳನ್ನು ಆರಿಸಿ, ಅವರ ಬಲಾಬಲಗಳನ್ನು ಬಲ್ಲವರಿಂದ ಅಂಕಿಗಳಾಗಿ ಬರೆಸಿ, ಗಣಕಯಂತ್ರಕ್ಕೆ ಒಪ್ಪಿಸಿದನು. ಯಂತ್ರವು ಸುತ್ತು ಸುತ್ತಿಗೂ ಹೇಳಿದ್ದನ್ನು ಕಣ್ಣೆದುರಿನ ಕಾಳಗವೋ ಎಂಬಂತೆ ಕೇಳುಗರಿಗೆ ವರ್ಣಿಸಲಾಯಿತು. ಕೊನೆಯ ಪಂದ್ಯದ ಹದಿಮೂರನೆಯ ಸುತ್ತಿನಲ್ಲಿ ಮಾರ್ಸಿಯಾನೋ ಡೆಂಪ್ಸಿಯನ್ನು ಕೆಡವಿದನು. ಆಲಿಯಾದರೋ ಅದಕ್ಕೆ ಮೊದಲೇ ಜೇಮ್ಸ್ ಜೆಫ್ರಿಸನಿಗೆ ಸೋತುಹೋಗಿದ್ದನು. ಹೀಗೆಂದು ತೀರ್ಪಿತ್ತದ್ದು ಯಂತ್ರ. ಆದರೆ ಯಂತ್ರಕ್ಕೆ ಸ್ವಂತ ಅಭಿಪ್ರಾಯವೆಲ್ಲಿಯದು? ಬೀಸುವ ಕಲ್ಲಿಗೆ ರಾಗಿ ಹಾಕಿದರೆ ರಾಗಿಯ ಹಿಟ್ಟು ಬಂದೀತೇ ಹೊರತು ಗೋದಿಯದು ಬಾರದು. ಬಲ್ಲವರ ಮನಸ್ಸಿನಲ್ಲಿ ಯಾರು ದೊಡ್ಡವರೋ ಅವರೇ ಯಂತ್ರದಲ್ಲಿಯೂ ದೊಡ್ಡವರಾದರು.

ಇನ್ನೊಂದು ತೊಡಕಿದೆ. ಕಾಳಗದ ಕಟ್ಟಳೆಯೇ ಗೆಲುವಿನ ಅರ್ಥವನ್ನು ಗೊತ್ತುಮಾಡತಕ್ಕದ್ದು. ಮೈಸೂರಿನ ದಸರೆಯ ವಜ್ರಮುಷ್ಟಿ ಕಾಳಗದಲ್ಲಿ ಜಟ್ಟಿಯೊಬ್ಬನ ತಲೆಯಿಂದ ರಕ್ತ ಕಾಣಿಸಿಕೊಂಡೊಡನೆ ಕಾಳಗ ಮುಗಿಯಿತು. ಪಾಶ್ಚಾತ್ಯರ ಮುಷ್ಟಿಯುದ್ಧದಲ್ಲಿ ಹಾಗಲ್ಲ. ಅಲ್ಲಿಯೂ ಕಟ್ಟಳೆಗಳು ಕಾಲಕಾಲಕ್ಕೆ ಮಾರ್ಪಟ್ಟಿವೆ. 1889ರಲ್ಲಿ ಜಾನ್ ಸಲಿವನ್ ಎಂಬ ಜಟ್ಟಿಯು ಜೇಕ್ ಕಿಲ್ರೇನನೊಡನೆ ಬರಿಗೈಯಲ್ಲಿ ಎಪ್ಪತ್ತೈದು ಸುತ್ತು ಕಾದಿ ಗೆದ್ದನು. ಆಗ ಒಬ್ಬನು ನೆಲಕ್ಕೆ ಬಿದ್ದರೆ ಒಂದು ಸುತ್ತು. ಎದುರಾಳಿಯನ್ನು ಹಿಡಿದೆತ್ತಿ ಕೆಡವುವುದಕ್ಕೂ ಅನುಮತಿಯಿತ್ತು. 1867ರಲ್ಲಿ ಪ್ರಕಟವಾದ ಕ್ವೀನ್ಸ್‌ಬರಿ ನಿಯಮಗಳಂತೆ ಕೈಗವಸು ತೊಟ್ಟು, ಮೂರು ಮೂರು ನಿಮಿಷಗಳ ಸುತ್ತುಗಳಲ್ಲಿ ಹೋರಾಡಬೇಕಾಗಿ ಬಂದಾಗ, 1892ರಲ್ಲಿ ಅದೇ ಸಲಿವನ್ನನು ಚುರುಕು ಕಾಲಿನ ಜೇಮ್ಸ್ ಕಾರ್ಬೆಟ್ಟನಿಗೆ ಇಪ್ಪತ್ತೊಂದನೆಯ ಸುತ್ತಿನಲ್ಲಿ ಸೋತನು. ವಯಸ್ಸೂ ಐಷಾರಾಮವೂ ಅವನನ್ನು ಕುಗ್ಗಿಸಿದ್ದುವು, ನಿಜ. ಆದರೆ ಅವನು ಬಲ್ಲ ಕಾಳಗವೂ ಅದಾಗಿರಲಿಲ್ಲ.

ಡೆಂಪ್ಸಿಯ ಕಥೆಯೂ ಹೀಗೆಯೇ. 1919ರಲ್ಲಿ ಅವನು ದೈತ್ಯಾಕಾರದ ಜೆಸ್ ವಿಲರ್ಡ್‌ನನ್ನು ಮೊದಲನೆಯ ಸುತ್ತಿನಲ್ಲಿಯೇ ಏಳು ಸಲ ಕೆಡವಿದನು. ಬಿದ್ದವನ ಬಳಿಯಲ್ಲಿಯೇ ನಿಂತಿದ್ದು, ಅವನು ಏಳುತ್ತಿದ್ದ ಹಾಗೆಯೇ ಹೊಡೆಯುವುದಕ್ಕೆ ಆಗ ತಡೆಯಿರಲಿಲ್ಲ. 1927ರಲ್ಲಿ ಜೀನ್ ಟನಿಯನ್ನು ಕೆಡವಿದಾಗ, ಕೆಡವಿದವನು ದೂರದ ಮೂಲೆಗೆ ಸರಿದ ಮೇಲೆಯೇ ಎಣಿಕೆ ತೊಡಗಬೇಕೆಂಬ ನಿಯಮ ಬಂದಿತ್ತು. ಡೆಂಪ್ಸಿಯು ಹಳೆಯ ಅಭ್ಯಾಸದಂತೆ ಅಲ್ಲಿಯೇ ನಿಂತನು. ಅಷ್ಟರಲ್ಲಿ ಟನಿಗೆ ಕೆಲವು ಸೆಕೆಂಡುಗಳ ಬಿಡುವು ದೊರೆಯಿತು. ಅವನು ಎದ್ದು ನಿಂತು ಕಡೆಗೆ ಗೆದ್ದನು. ಮತ್ತೊಂದು ನಿದರ್ಶನ: 1941ರಲ್ಲಿ ಜೋ ಲೂಯಿಸನು ಬಿಲ್ಲಿ ಕಾನ್ ಎಂಬ ತನಗಿಂತ ಹಗುರವಾದ ಎದುರಾಳಿಗೆ ಹನ್ನೆರಡು ಸುತ್ತುಗಳವರೆಗೂ ಅಂಕಗಳಲ್ಲಿ ಹಿಂದೆ ಬಿದ್ದಿದ್ದನು, ಹದಿಮೂರನೆಯ ಸುತ್ತಿನಲ್ಲಿ ಒಂದೇ ಬಾರಿಗೆ ಅವನನ್ನು ಕೆಡವಿ ಪದವಿಯನ್ನು ಉಳಿಸಿಕೊಂಡನು. 1982ರಲ್ಲಿ ದಕ್ಷಿಣ ಕೊರಿಯದ ತರುಣ ಕಿಮ್ ಡುಕ್ ಕೂ ಪಂದ್ಯದಲ್ಲಿ ಬಿದ್ದ ಪೆಟ್ಟುಗಳಿಂದ ಮಡಿದ ತರುವಾಯ, ಹದಿನೈದು ಸುತ್ತುಗಳ ಪದವಿಪಂದ್ಯಗಳನ್ನು ಕ್ರಮೇಣ ಹನ್ನೆರಡಕ್ಕೆ ಇಳಿಸಿದರು. ಈ ನಿಯಮ 1941ರಲ್ಲಿಯೇ ಇದ್ದಿದ್ದರೆ ಲೂಯಿಸನ ಕೀರ್ತಿಯ ಗತಿಯೇನಾಗುತ್ತಿತ್ತು? ಸುಮಾರು 185 ಪೌಂಡು ತೂಗುತ್ತಿದ್ದ ಮಾರ್ಸಿಯಾನೋ ಇಂದಿನ ಲೆಕ್ಕದಲ್ಲಿ 200 ಪೌಂಡಿಗೆ ಮೀರಿದವರ ವರ್ಗದ ತೂಕವನ್ನೇ ಮುಟ್ಟುವುದಿಲ್ಲ!

ಹಾಗಾದರೆ ಬೇರೆ ಬೇರೆ ಕಾಲದ ಜಟ್ಟಿಗಳು ನಿಜವಾಗಿ ಎಂದೂ ಸಂಧಿಸಿದ್ದಿಲ್ಲವೆ? ಸಂಧಿಸಿದ್ದುಂಟು. 1905ರಲ್ಲಿ ಸೋಲನ್ನೇ ಕಾಣದೆ ನಿವೃತ್ತನಾಗಿ ಬೇಸಾಯಕ್ಕೆ ತೊಡಗಿದ್ದ ಜೆಫ್ರಿಸನನ್ನು 1910ರಲ್ಲಿ ಮತ್ತೆ ಕಣಕ್ಕೆ ಎಳೆತಂದರು. ಏಕೆಂದರೆ 1908ರಲ್ಲಿ ಜ್ಯಾಕ್ ಜಾನ್‌ಸನ್ ಎಂಬ ಕಪ್ಪು ವರ್ಣದ ಜಟ್ಟಿಯು ಜಗಜ್ಜೆಟ್ಟಿಯಾಗಿದ್ದುದು ಬಿಳಿಯರಲ್ಲಿ ಅನೇಕರಿಗೆ ಸಹಿಸಲಾರದ ಮಾತಾಗಿತ್ತು. ಜುಲೈ 4ರಂದು ರೀನೋ ನಗರದಲ್ಲಿ ಜಾನ್‌ಸನ್ನನು ಜೆಫ್ರಿಸನನ್ನು ಹದಿನೈದನೆಯ ಸುತ್ತಿನಲ್ಲಿ ಸೋಲಿಸಿದನು. ಆ ಸುದ್ದಿ ಹಬ್ಬಿದೊಡನೆ ಹಲವು ನಗರಗಳಲ್ಲಿ ದೊಂಬಿಗಳೆದ್ದುವು, ಜನ ಮಡಿದರು, ಮಡಿದವರಲ್ಲಿ ಹೆಚ್ಚಿನವರು ಕಪ್ಪುಜನರು. ಎರಡು ವರ್ಷಗಳಲ್ಲಿ ಮುಷ್ಟಿಯುದ್ಧದ ಚಲನಚಿತ್ರಗಳನ್ನು ಒಂದು ಸಂಸ್ಥಾನದಿಂದ ಇನ್ನೊಂದಕ್ಕೆ ಸಾಗಿಸಕೂಡದೆಂದು ಅಮೆರಿಕದ ಶಾಸನಸಭೆ ಕಾನೂನು ಮಾಡಿತು. ಕಣದಲ್ಲಿ ಇಬ್ಬರ ನಡುವೆ ಮುಗಿದ ಪಂದ್ಯವು ದೇಶದೊಳಗೆ ಮುಗಿಯಲಿಲ್ಲ.

ಇಲ್ಲಿಯೇ ನಾನು ಮೊದಲು ಹೇಳಿದ ಬೇರೊಂದು ಪ್ರಶ್ನೆ ಎದುರಾಗುವುದು. ಕಾಲದ ದೆಸೆಯಿಂದ ನಡೆಯಲಾರದ ಕಾಳಗಗಳನ್ನು ಕುರಿತು ನಾವು ಇಷ್ಟೊಂದು ಕಲ್ಪಿಸುತ್ತೇವೆ. ಮನುಷ್ಯರು ನಡೆಯಗೊಡದ ಕಾಳಗಗಳ ಮಾತೇನು? ಪೀಟರ್ ಜ್ಯಾಕ್‌ಸನ್ ಎಂಬ ಕಪ್ಪು ಜಟ್ಟಿಯು 1891ರಲ್ಲಿ ಕಾರ್ಬೆಟ್ಟನೊಡನೆ ಅರವತ್ತೊಂದು ಸುತ್ತು ಸರಿಸಮನಾಗಿ ಕಾದಿದನು. ಮರುವರ್ಷ ಕಾರ್ಬೆಟ್ಟನೇ ಜಗಜ್ಜೆಟ್ಟಿಯಾದನು. ಜ್ಯಾಕ್‌ಸನ್ನನಿಗಾದರೋ ಆ ಪದವಿಯ ಕಣಕ್ಕೆ ಕಾಲಿಡುವ ಅವಕಾಶ ಕೊನೆಯವರೆಗೂ ಬರಲಿಲ್ಲ; ಕಪ್ಪು ವರ್ಣದವರೊಡನೆ ಕಾದುವುದಿಲ್ಲವೆಂದು ಸಲಿವನ್ನನು ಮೊದಲೇ ಸಾರಿದ್ದನು. ಡೆಂಪ್ಸಿಯ ಕಾಲದ ಹ್ಯಾರಿ ವಿಲ್ಸ್ ವರ್ಷಗಟ್ಟಲೆ ಪಂದ್ಯ ಬೇಡಿದನು. ಮಾತುಕತೆಗಳು ನಡೆದುವು, ಪಂದ್ಯ ನಡೆಯಲಿಲ್ಲ. 1915ರಲ್ಲಿ ಜಾನ್‌ಸನ್ನನು ಪದವಿಯನ್ನು ಕಳೆದುಕೊಂಡಂದಿನಿಂದ 1937ರಲ್ಲಿ ಲೂಯಿಸನು ಅದನ್ನು ಗೆಲ್ಲುವವರೆಗೆ, ಇಪ್ಪತ್ತೆರಡು ವರ್ಷಗಳ ಕಾಲ, ಆ ಪದವಿಗಾಗಿ ಕಾದುವ ಅವಕಾಶ ಒಬ್ಬ ಕಪ್ಪು ಜಟ್ಟಿಗೂ ದೊರೆಯಲಿಲ್ಲ. ಜ್ಯಾಕ್‌ಸನ್ನನೂ ವಿಲ್ಸನೂ ತಮ್ಮ ಕಾಲದ ಜಗಜ್ಜೆಟ್ಟಿಗಳಿಗೆ ಯುಗಾಂತರದಲ್ಲಿದ್ದವರಲ್ಲ. ಅದೇ ಕಾಲದಲ್ಲಿ, ಅದೇ ದೇಶದಲ್ಲಿ ಕಾದುತ್ತಿದ್ದವರು. ಜಗಜ್ಜೆಟ್ಟಿಗಳ ಪಟ್ಟಿಯಿಂದ ಹದಿನಾರು ಹೆಸರುಗಳನ್ನು ಆರಿಸಿದವನ ಯಂತ್ರಕ್ಕೆ ಇವರ ಹೆಸರು ತಿಳಿಯುವ ಬಗೆಯೆಂತು?

ಈಗ ಆಲಿಯ ಸೋಲನ್ನು ಇನ್ನೊಮ್ಮೆ ನೋಡೋಣ. 1967ರಲ್ಲಿ ಅವನು ವಿಯೆಟ್ನಾಂ ಯುದ್ಧಕ್ಕೆ ಸೈನಿಕನಾಗಿ ಹೋಗಲೊಲ್ಲೆನೆಂದುದರಿಂದ ಅವನ ಪದವಿಯನ್ನು ಕಿತ್ತುಕೊಂಡು, ಕಣದ ಬಾಗಿಲನ್ನೇ ಮುಚ್ಚಿದ್ದರು. ನಿಜವಾದ ಕಾಳಗಕ್ಕೆ ಅನುಮತಿಯಿಲ್ಲದವನು ಕಲ್ಪನೆಯ ಕಾಳಗದಲ್ಲಿ ಸೋತನು. ಅದೂ ಜಾನ್‌ಸನ್ನನನ್ನು ಇಳಿಸಲೆಂದು ಕರೆತಂದಿದ್ದ ಜೆಫ್ರಿಸನಿಗೆ! ಆಲಿಯು ಮಾನಹಾನಿಯೆಂದು ಹತ್ತು ಲಕ್ಷ ಡಾಲರುಗಳಿಗೆ ದಾವೆ ಹೂಡಿದನು. ಅದು ರಾಜಿಯಾಗಿ, 1969ರಲ್ಲಿ ಅವನೂ ಮಾರ್ಸಿಯಾನೋವೂ ಚಲನಚಿತ್ರಕ್ಕಾಗಿ ಕಾಳಗದ ಅಭಿನಯ ಮಾಡಿದರು. ಮುಕ್ತಾಯವನ್ನು ಹಲವು ಬಗೆಯಾಗಿ ಚಿತ್ರಿಸಿಟ್ಟುಕೊಂಡಿದ್ದರು. 1970ರ ಜನವರಿಯಲ್ಲಿ ಅಮೆರಿಕದ ಪ್ರೇಕ್ಷಕರು ಕಂಡದ್ದು ಮಾರ್ಸಿಯಾನೋವಿನ ಗೆಲುವನ್ನು. ಅಷ್ಟರಲ್ಲಿ ಅವನು ವಿಮಾನದ ಅಪಘಾತದಲ್ಲಿ ತೀರಿಹೋಗಿದ್ದನು. ಆಲಿಯ ಶಿಕ್ಷೆಯನ್ನು 1971ರಲ್ಲಿ ಸರ್ವೋಚ್ಚ ನ್ಯಾಯಾಲಯವು ತಳ್ಳಿಹಾಕಿತು. ಕಣದ ಹೊರಗೆ ಕಳೆದ ಮೂರೂವರೆ ವರ್ಷಗಳ ಹರೆಯವನ್ನು ಯಾವ ನ್ಯಾಯಾಲಯ ತಾನೆ ಹಿಂದಕ್ಕೆ ಕೊಟ್ಟೀತು?

ಜಗಲಿಯ ವಾದ ನಡೆಯಲಿ, ಮಹಾಶಯರೇ; ಅದರ ಸವಿಯನ್ನು ಯಾರೂ ಕಳೆದುಕೊಳ್ಳಬೇಕಾಗಿಲ್ಲ. ಆದರೆ ಎಲ್ಲ ಕಾಲಗಳಲ್ಲಿಯೂ ದೊಡ್ಡವನು ಯಾರೆಂದು ಕೇಳುವ ಮೊದಲು, ಆಯಾ ಕಾಲದಲ್ಲಿ ಯಾರನ್ನು ಬಾಗಿಲ ಹೊರಗೆ ನಿಲ್ಲಿಸಿದ್ದರೆಂದು ಕೇಳಿಕೊಳ್ಳತಕ್ಕದ್ದು. ಮೊದಲನೆಯ ಪ್ರಶ್ನೆಗೆ ಉತ್ತರವಿಲ್ಲ. ಎರಡನೆಯದಕ್ಕೆ ಉಂಟು, ಅದು ಹೆಸರು ದಿನಾಂಕಗಳ ಸಹಿತ ಬರೆದಿಟ್ಟಿರುವ ಉತ್ತರ.