ಆನೆಕೆರೆಯ ದಂಡೆಯಲ್ಲಿ ಬೀಡುಬಿಟ್ಟ ಬಲ್ಲಾಳ

ಹನ್ನೆರಡು ವರ್ಷದ ವನವಾಸ ಮುಗಿದು ಅಜ್ಞಾತವಾಸದ ಒಂದು ವರ್ಷ ಎದುರಾದಾಗ ಪಾಂಡವರನ್ನು ಕಾಡಿದ ಮೊದಲ ಪ್ರಶ್ನೆ, ಎಲ್ಲಿ ಉಳಿಯಬೇಕು ಎಂಬುದು. ಅರ್ಜುನ ಹಲವು ದೇಶಗಳ ಹೆಸರು ಹೇಳಿದ. ಧರ್ಮರಾಜ ಅವುಗಳಲ್ಲಿ ವಿರಾಟನ ಮತ್ಸ್ಯದೇಶವನ್ನು ಆರಿಸಿದ. ಆ ವಿರಾಟನಗರ ತಮ್ಮೂರೇ ಎಂಬುದು ಹಾವೇರಿ ಜಿಲ್ಲೆಯ ಹಾನಗಲ್ಲಿನ ಜನರ ನಂಬಿಕೆ. ಅಲ್ಲಿನ ಒಂದು ದಿನ್ನೆಗೆ ಕುಂತಿಯ ದಿಬ್ಬ ಎಂದೇ ಹೆಸರು. ಹಳೆಯ ಶಾಸನಗಳಲ್ಲಿಯೂ ಈ ಊರಿಗೆ ಪಾನುಂಗಲ್ಲು ಎಂಬ ಹೆಸರಿನ ಜೊತೆಗೆ ವಿರಾಟನಕೋಟೆ, ವಿರಾಟನಗರಿ ಎಂಬ ಹೆಸರುಗಳಿವೆ.

ಮಹಾಭಾರತದ ಮತ್ಸ್ಯದೇಶವನ್ನು ವಿದ್ವಾಂಸರು ಸಾಮಾನ್ಯವಾಗಿ ರಾಜಸ್ಥಾನದ ಬೈರಾಟ್ ಸುತ್ತಲಿನ ಪ್ರದೇಶದೊಂದಿಗೆ ಗುರುತಿಸುತ್ತಾರೆ. ಹಾಗಿದ್ದರೂ ಹಾನಗಲ್ಲಿನ ಐತಿಹ್ಯವನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ಪಾಂಡವರು ಬಂದರೋ ಇಲ್ಲವೋ, ಹೊರಗಿನಿಂದ ಬಂದವರು ಇಲ್ಲಿ ನೆಲೆ ನಿಲ್ಲಲು ಹಂಬಲಿಸಿದ್ದಂತೂ ನಿಜ. ಅದಕ್ಕೆ ಇತಿಹಾಸದ ಸಾಕ್ಷ್ಯವಿದೆ.

ಅರಸನು ವಾಸ್ತವ್ಯ ಹೂಡಿದ ಊರನ್ನು ನಮ್ಮ ಶಾಸನಗಳು 'ನೆಲೆವೀಡು' ಎನ್ನುತ್ತವೆ. ನೆಲೆಯೂ ಹೌದು, ಬೀಡೂ ಹೌದು. ಅಂದಿನ ಅರಸರು ಒಂದೇ ರಾಜಧಾನಿಗೆ ಅಂಟಿಕೊಂಡು ಕೂರುತ್ತಿರಲಿಲ್ಲ. ಆನೆ, ಕುದುರೆ, ಪರಿವಾರದೊಂದಿಗೆ ನಾಡಿನಿಂದ ನಾಡಿಗೆ ಸಾಗುತ್ತಿದ್ದರು. ಇಷ್ಟು ದೊಡ್ಡ ಸಮೂಹ ತಂಗಬೇಕಾದರೆ ಮೊದಲು ನೋಡಬೇಕಾದದ್ದು ನೀರನ್ನು. ಆಮೇಲೆ ಮೇವು, ದವಸ, ದಾರಿ.

ಹಾನಗಲ್ಲಿನಲ್ಲಿ ಇವೆಲ್ಲವೂ ಇದ್ದವು. ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಅಂಚಿನಲ್ಲಿ ಈ ಊರಿದೆ. ಪಶ್ಚಿಮಕ್ಕೆ ಸಹ್ಯಾದ್ರಿಯ ಕಾಡು, ಪೂರ್ವಕ್ಕೆ ಎರೆಭೂಮಿ. ಧರ್ಮಾ ಹೊಳೆ ಈ ಸೀಮೆಯಲ್ಲಿ ಹರಿದು ವರದೆಯನ್ನು ಸೇರುತ್ತದೆ. ಮಲೆಯ ಕಡೆಯ ಮಳೆನೀರನ್ನು ಕೆರೆಗಳಲ್ಲಿ ಹಿಡಿದಿಟ್ಟು ಭತ್ತ ಬೆಳೆಯುವ ಪದ್ಧತಿ ಇಲ್ಲಿ ಬಹಳ ಹಳೆಯದು. ಪಕ್ಕದ ಹಿರೇಕೆರೂರಿನ ಹೆಸರಿನಲ್ಲಿಯೇ ಕೆರೆ ಸೇರಿಕೊಂಡಿದೆ. ಹಾನಗಲ್ಲಿನ ಪಶ್ಚಿಮಕ್ಕಿರುವ ದೊಡ್ಡ ಕೆರೆಯೇ ಆನೆಕೆರೆ.

ಕದಂಬರ ಒಂದು ಶಾಖೆ ಈ ಊರನ್ನು ತನ್ನ ನೆಲೆಯಾಗಿ ಆರಿಸಿಕೊಂಡಿತು. ಕಲ್ಯಾಣ ಚಾಲುಕ್ಯರ ಮಹಾಮಂಡಲೇಶ್ವರರಾಗಿ ಇವರು ಬನವಾಸಿ ಹನ್ನೆರಡು ಸಾವಿರ ಮತ್ತು ಪಾನುಂಗಲ್ಲು ಐನೂರು ಎಂಬ ನಾಡುಗಳನ್ನು ಆಳಿದರು. ಕಮಲದಂತೆ ಅರಳಿದ ಭುವನೇಶ್ವರಿಗೆ ಹೆಸರಾದ ತಾರಕೇಶ್ವರ ಗುಡಿ ಆ ಕಾಲದ ಸಿರಿಗೆ ಸಾಕ್ಷಿ.

ಇಂಥ ಊರಿನ ಮೇಲೆ ನೆರೆಯವರ ಕಣ್ಣು ಬೀಳದೆ ಇರುತ್ತದೆಯೇ? ಹೊಯ್ಸಳ ವಿಷ್ಣುವರ್ಧನ 12ನೇ ಶತಮಾನದ ಪೂರ್ವಾರ್ಧದಲ್ಲಿ ಹಾನಗಲ್ಲನ್ನು ಗೆದ್ದ. ಅವನ ಬಿರುದಾವಳಿಯಲ್ಲಿ ತಲಕಾಡು, ಬನವಾಸಿಗಳ ಜೊತೆ ಹಾನುಂಗಲ್ಲೂ ಸೇರಿತು. ಇಂದಿನ ಶಿಗ್ಗಾವಿ ತಾಲ್ಲೂಕಿನ ಬಂಕಾಪುರ ಅವನ ನೆಲೆವೀಡಾಯಿತು. ಅವನು ತೀರಿಕೊಂಡದ್ದೂ ಅಲ್ಲಿಯೇ. ಆದರೆ ಹಾನಗಲ್ಲು ಹೊಯ್ಸಳರ ಕೈಯಲ್ಲಿ ನಿಲ್ಲಲಿಲ್ಲ. ಕದಂಬರು ಮತ್ತೆ ತಲೆಯೆತ್ತಿದರು.

ವಿಷ್ಣುವರ್ಧನನ ಮೊಮ್ಮಗ ಇಮ್ಮಡಿ ವೀರಬಲ್ಲಾಳ ಉತ್ತರಕ್ಕೆ ನುಗ್ಗಿ ಸೇವುಣರನ್ನು ಸೋಲಿಸಿದ. 1192ರ ವೇಳೆಗೆ ಲಕ್ಕುಂಡಿ ಅವನ ನೆಲೆವೀಡಾಗಿತ್ತು. ದೋರಸಮುದ್ರದಿಂದ ಅಷ್ಟು ದೂರ ಬಂದು ನೆಲೆಸಿದವನು ಬನವಾಸಿ ನಾಡನ್ನು ಬೆನ್ನ ಹಿಂದೆ ಶತ್ರುವಿನ ವಶದಲ್ಲಿ ಬಿಟ್ಟಿರುವುದು ಕ್ಷೇಮವಲ್ಲ. ಆಗ ಹಾನಗಲ್ಲಿನಲ್ಲಿ ಆಳುತ್ತಿದ್ದವನು ಕದಂಬ ಕಾಮದೇವ.

1196ರಲ್ಲಿ ಬಲ್ಲಾಳನ ದಂಡು ಹಾನಗಲ್ಲಿಗೆ ಬಂತು. ಅವನು ಬೀಡುಬಿಟ್ಟದ್ದು ಆನೆಕೆರೆಯ ಬಳಿ ಎಂದು ಶಾಸನ ಹೆಸರಿಟ್ಟು ಹೇಳುತ್ತದೆ. ಸ್ಥಳದ ಆಯ್ಕೆಯಲ್ಲಿ ಸೇನಾನಿಯ ಲೆಕ್ಕಾಚಾರ ಕಾಣುತ್ತದೆ. ಮುತ್ತಿಗೆ ಎಂದರೆ ಒಂದೆರಡು ದಿನದ ಮಾತಲ್ಲ, ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಕೆರೆಯ ದಂಡೆಯಲ್ಲಿ ಕುಳಿತ ದಂಡಿಗೆ ಆನೆ ಕುದುರೆಗಳಿಗೆ ನೀರು ಹುಡುಕುವ ಚಿಂತೆಯಿಲ್ಲ. ಏರಿಯ ಎತ್ತರದಿಂದ ಸುತ್ತಲ ಬಯಲು ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ತೂಬು ಯಾರ ಕೈಯಲ್ಲಿದೆಯೋ ಕೆರೆಯ ಕೆಳಗಿನ ಗದ್ದೆಗಳೂ ಅವರ ಕೈಯಲ್ಲಿರುತ್ತವೆ. ಊರನ್ನು ಸಾಕಿದ ಕೆರೆ ಊರಿನ ಶತ್ರುವನ್ನೂ ಸಾಕಲು ಸಿದ್ಧವಾಗಿತ್ತು.

ಕೋಟೆಯೊಳಗಿನವರು ಇದನ್ನು ನೋಡುತ್ತ ಕೂರಲಿಲ್ಲ. ಕಾಮದೇವನ ದಂಡನಾಯಕ ಸೋಹಣಿ ಎಂಬುವನ ಮುಂದಾಳುತನದಲ್ಲಿ ಕದಂಬರ ಪಡೆ ಹೊಯ್ಸಳರನ್ನು ಎದುರಿಸಿ ಹಿಮ್ಮೆಟ್ಟಿಸಿತು. ಊರು ಉಳಿಯಿತು, ಸೋಹಣಿ ಉಳಿಯಲಿಲ್ಲ. ಅವನ ಸಾವನ್ನು ದಾಖಲಿಸಿರುವುದು ಹಾನಗಲ್ಲಿನ ವೀರಗಲ್ಲು. ಬಲ್ಲಾಳ ಆನೆಕೆರೆಯಲ್ಲಿ ತಂಗಿದ್ದ ಸಂಗತಿ ಇಂದು ನಮಗೆ ತಿಳಿದಿರುವುದು ಹೀಗೆ ಒಬ್ಬ ದಂಡನಾಯಕನ ಸಾವಿನಿಂದ.

ಈ ಗೆಲುವು ಬಹುಕಾಲದ್ದಾಗಲಿಲ್ಲ. ಬನವಾಸಿ ನಾಡಿನ ಮೇಲೆ ಬಲ್ಲಾಳನ ಹಿಡಿತ ಬಲವಾಯಿತು. ಮುಂದೆ ಸೇವುಣರು ಬಂದರು, ವಿಜಯನಗರದವರು ಬಂದರು. ಆದರೆ ಸಾಮಾನ್ಯವಾಗಿ ಗೆದ್ದವರ ಹೊಗಳಿಕೆಯನ್ನೇ ಓದಿಸುವ ಇತಿಹಾಸದಲ್ಲಿ, ಮಹಾ ಅರಸನೊಬ್ಬ ಸಣ್ಣ ರಾಜ್ಯದ ಮುಂದೆ ಹಿಂದೆ ಸರಿದ ಘಟನೆಯನ್ನು ಈ ಕಲ್ಲು ಕಾಪಾಡಿಕೊಂಡಿದೆ.

ಅರಸರು ಬದಲಾದರೂ ಈ ಸೀಮೆಯ ಹೊಸ ನೆಲೆಗಳ ಹುಡುಕಾಟ ನಿಲ್ಲಲಿಲ್ಲ. 17ನೇ ಶತಮಾನದ ಕೊನೆಯಲ್ಲಿ ಔರಂಗಜೇಬನಿಂದ ಜಹಗೀರು ಪಡೆದ ಅಬ್ದುಲ್ ರವೂಫ್ ಖಾನ್ ಮೊದಲು ಬಂಕಾಪುರದಲ್ಲಿದ್ದು, ಬಳಿಕ ಹತ್ತಿರದ ಸವಣೂರಿನಲ್ಲಿ ತನ್ನ ನೆಲೆಯನ್ನು ಕಟ್ಟಿಕೊಂಡ. ಅಲ್ಲಿಯೂ ಮೋತಿ ತಲಾಬ್ ಎಂಬ ಕೆರೆಯಿದೆ.

ಹಾನಗಲ್ಲಿಗೆ ಬಂದವರು ತಾರಕೇಶ್ವರನ ಕಮಲವನ್ನು ನೋಡದೆ ಹೋಗುವುದಿಲ್ಲ. ಅಲ್ಲಿಂದ ಆನೆಕೆರೆಯೇನೂ ದೂರವಲ್ಲ. ಬಲ್ಲಾಳನ ಡೇರೆಗಳ ಗುರುತು ಈಗ ಅಲ್ಲಿಲ್ಲ. ಅವನನ್ನು ಕರೆತಂದ ನೀರು ಮಾತ್ರ, ಸಹ್ಯಾದ್ರಿಯ ಕಡೆಯಿಂದ ಮಳೆ ಬಂದಾಗ, ಇಂದಿಗೂ ಅದೇ ಅಂಗಳದಲ್ಲಿ ನಿಲ್ಲುತ್ತದೆ.