ಶ್ರೀರಂಗಪಟ್ಟಣದ ವಜ್ರ, ಇಂಗ್ಲೆಂಡಿನ ಕೆಲಸದಾಕೆ

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಿತು. ಟಿಪ್ಪು ಸುಲ್ತಾನ್ ಹೋರಾಡುತ್ತ ಮಡಿದ. ಇಂಗ್ಲಿಷ್ ಸೈನಿಕರು ಪಟ್ಟಣವನ್ನು ಸೂರೆ ಮಾಡಿದರು. ಇಂಗ್ಲಿಷಿನ ಪ್ರಸಿದ್ಧ ಪತ್ತೇದಾರಿ ಕಾದಂಬರಿಯೊಂದು ಆರಂಭವಾಗುವುದು ಈ ಸೂರೆಯಿಂದಲೇ.

ವಿಲ್ಕಿ ಕಾಲಿನ್ಸ್‌ನ ‘ದಿ ಮೂನ್‌ಸ್ಟೋನ್’ 1868ರಲ್ಲಿ ಚಾರ್ಲ್ಸ್ ಡಿಕನ್ಸ್‌ನ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿತು. ಹರ್ನ್‌ಕಾಸಲ್ ಎಂಬ ಅಧಿಕಾರಿ ಶ್ರೀರಂಗಪಟ್ಟಣದಲ್ಲಿ ಕೊಲೆ ಮಾಡಿ ದೋಚಿದ ಹಳದಿ ವಜ್ರವು, ಅರ್ಧ ಶತಮಾನದ ಬಳಿಕ, ಯಾರ್ಕ್‌ಶೈರ್‌ನ ಸಿರಿವಂತರ ಮನೆಯಿಂದ ರಾತ್ರೋರಾತ್ರಿ ಕಾಣೆಯಾಗುತ್ತದೆ. ಅದು ಸೋಮನಾಥದ ಚಂದ್ರದೇವನ ಹಣೆಯ ರತ್ನ. ಮೂವರು ಬ್ರಾಹ್ಮಣರು ತಲೆತಲಾಂತರದಿಂದ ಅದರ ಬೆನ್ನಿಗಿದ್ದಾರೆ. ಅಪಹರಿಸಿದವನಿಗೆ ಕೇಡು ತಪ್ಪದು ಎಂದು ಐತಿಹ್ಯ. ಇದೆಲ್ಲ ಕಾಲಿನ್ಸ್‌ನ ಕಲ್ಪನೆಯಾದರೂ, ಕೊಹಿನೂರ್ ಮತ್ತು ರಷ್ಯಾದ ರಾಜದಂಡದ ವಜ್ರಗಳ ಕಥೆಗಳು ತನಗೆ ಆಧಾರವೆಂದು ಅವನೇ ಮುನ್ನುಡಿಯಲ್ಲಿ ತಿಳಿಸಿದ್ದಾನೆ.

ಕಾದಂಬರಿಯ ತನಿಖೆಗೆ ಮಾದರಿ ಮಾತ್ರ ಇಂಗ್ಲೆಂಡಿನಲ್ಲೇ ನಡೆದ ಪ್ರಕರಣ. 1860ರಲ್ಲಿ ರೋಡ್ ಎಂಬ ಹಳ್ಳಿಯ ದೊಡ್ಡ ಮನೆಯೊಂದರಲ್ಲಿ ನಾಲ್ಕು ವರ್ಷ ತುಂಬದ ಮಗುವಿನ ಕೊಲೆಯಾಯಿತು. ಸ್ಥಳೀಯ ಪೊಲೀಸರ ಕಣ್ಣು ಮೊದಲು ಬಿದ್ದದ್ದು ದಾದಿಯ ಮೇಲೆ. ಲಂಡನ್ನಿನಿಂದ ಬಂದ ಪತ್ತೇದಾರ ಜೊನಾಥನ್ ವಿಚರ್, ಕಾಣೆಯಾದ ನಿಲುವಂಗಿಯೊಂದರ ಜಾಡು ಹಿಡಿದು, ಮನೆಯ ಮಗಳು ಕಾನ್‌ಸ್ಟನ್ಸ್ ಕೆಂಟ್‌ಳನ್ನೇ ಬಂಧಿಸಿದ. ತೋಟದ ಮಾಲಿಯ ಮಗನೊಬ್ಬ ಕುಲೀನ ಕನ್ಯೆಯ ಮೇಲೆ ಆರೋಪ ಹೊರಿಸುವುದೆಂದರೇನು! ವಿಚರ್ ಛೀಮಾರಿಗೆ ಗುರಿಯಾದ. 1865ರಲ್ಲಿ ಆಕೆಯೇ ತಪ್ಪೊಪ್ಪಿಕೊಂಡಳು. ಅಷ್ಟರಲ್ಲಿ ಅವನು ನಿವೃತ್ತನಾಗಿದ್ದ.

ಕಾದಂಬರಿಯಲ್ಲಿಯೂ ಬಣ್ಣ ತಗುಲಿದ ನಿಲುವಂಗಿಯೇ ಮುಖ್ಯ ಸುಳಿವು. ಅಲ್ಲಿ ಸಂಶಯದ ನೆರಳು ಬೀಳುವುದು ಹಿಂದೆ ಕಳ್ಳತನಕ್ಕಾಗಿ ಶಿಕ್ಷೆ ಅನುಭವಿಸಿದ್ದ ಕೆಲಸದಾಕೆ ರೊಸಾನಾ ಸ್ಪಿಯರ್‌ಮನ್ ಮೇಲೆ. ಧನಿಗಳ ಬಂಧು ಫ್ರಾಂಕ್ಲಿನ್ ಬ್ಲೇಕ್‌ನನ್ನು ಮೌನವಾಗಿ ಪ್ರೀತಿಸಿದ ಅವಳು ಕಡಲ ದಂಡೆಯ ಉಸುಬಿಗೆ ಬಿದ್ದು ಪ್ರಾಣ ಬಿಡುತ್ತಾಳೆ. ಅವಳ ಗೆಳತಿ, ಬೆಸ್ತರ ಹುಡುಗಿ ಲೂಸಿ, ಬಡವರು ಸಿರಿವಂತರ ವಿರುದ್ಧ ಏಳುವ ದಿನ ದೂರವಿಲ್ಲವೆಂದು ಸಿಡಿಯುತ್ತಾಳೆ. ಇಡೀ ಕಾದಂಬರಿಯಲ್ಲಿ ಇಷ್ಟು ನಿಷ್ಠುರವಾದ ಮಾತು ಬೇರೊಂದಿಲ್ಲ.

ಕಥೆಯನ್ನು ಹಲವರು ಸರದಿಯಂತೆ ಹೇಳುತ್ತಾರೆ: ಮನೆಯ ಹಳೆಯ ಪಾರುಪತ್ಯಗಾರ ಬೆಟರೆಜ್, ಧರ್ಮೋಪದೇಶದ ಗೀಳಿನ ಮಿಸ್ ಕ್ಲಾಕ್, ವಕೀಲ, ಬ್ಲೇಕ್, ವೈದ್ಯನ ಸಹಾಯಕ ಜೆನಿಂಗ್ಸ್. ತಾವು ಕಂಡಷ್ಟನ್ನೇ ಹೇಳಬೇಕೆಂಬ ಕಟ್ಟಳೆ, ನ್ಯಾಯಾಲಯದ ಸಾಕ್ಷಿಗಳಂತೆ. ಆದರೆ ಎಲ್ಲರಿಗೂ ಸಾಕ್ಷಿಕಟ್ಟೆ ಸಿಗುವುದಿಲ್ಲ. ರೊಸಾನಾಳಿಗೆ ಪ್ರತ್ಯೇಕ ಭಾಗವಿಲ್ಲ. ಸತ್ತ ಮೇಲೆ ತೆರೆದ ಅವಳ ಪತ್ರ ಬ್ಲೇಕ್‌ನ ಹೇಳಿಕೆಯ ನಡುವೆ ಸೇರಿಕೊಳ್ಳುತ್ತದೆ. ಮೂವರು ಬ್ರಾಹ್ಮಣರಿಗೆ ಅದೂ ಇಲ್ಲ. ವಜ್ರ ಕಾಠಿಯಾವಾಡದ ದೇವರ ಹಣೆಗೆ ಮರಳಿದ್ದನ್ನು ಕೊನೆಯಲ್ಲಿ ವರದಿ ಮಾಡುವವನೂ ಒಬ್ಬ ಇಂಗ್ಲಿಷ್ ಪ್ರವಾಸಿ.