ಅರ್ಧ ಸಿಂಹದ ಬಿಲ್ಲೆಗೂ ಲಿಂಗಸುಗೂರಿಗೂ ಏನು ನಂಟು?

ಕಚೇರಿ ಜವಾನರ ಡವಾಲಿಯ ಮೇಲಿನ ಹಿತ್ತಾಳೆ ಬಿಲ್ಲೆಯನ್ನು ನೋಡಿ ಬೆಳೆದವರು ನಾವು. ತೊಟ್ಟವನು ಯಾರ ಆಳು ಎಂಬುದನ್ನು ಬಿಲ್ಲೆಯೇ ಹೇಳುತ್ತದೆ. ಸೈನಿಕರ ಟೋಪಿ, ಭುಜ, ಗುಂಡಿಗಳ ಮೇಲಿನ ಲಾಂಛನಗಳ ಕೆಲಸವೂ ಅದೇ. ಅವನ್ನು ಕೂಡಿಡುವ ಹವ್ಯಾಸಿಗಳು ಜಗತ್ತಿನ ಎಲ್ಲೆಡೆ ಇದ್ದಾರೆ. ಜರ್ಮನ್ ನೌಕಾಪಡೆಯ ಹಳೆಯ ಲಾಂಛನಗಳನ್ನೇ ಹುಡುಕುವವರೂ ಇದ್ದಾರೆ. 1918ರವರೆಗೆ ಅವುಗಳ ಮೇಲೆ ಕೈಸರನ ಕಿರೀಟವಿತ್ತು, ಹಿಟ್ಲರನ ಕಾಲಕ್ಕೆ ಸ್ವಸ್ತಿಕ ಹಿಡಿದ ಹದ್ದು ಬಂತು. ಆಳುವವರು ಬದಲಾದಂತೆ ಬಿಲ್ಲೆಯೂ ಬದಲಾಯಿತು.

ನಮ್ಮಲ್ಲಿ ಆದದ್ದು ಇದಕ್ಕೆ ತಿರುವುಮುರುವು. ಇಂದಿನ ಕುಮಾವೂ ರೆಜಿಮೆಂಟಿನ ಬಿಲ್ಲೆಯ ಮೇಲೆ ಶಿಲುಬೆ ಹಿಡಿದ ಅರ್ಧ ಸಿಂಹವಿದೆ. ಅದು ಹಿಮಾಲಯದ ಸಿಂಹವಲ್ಲ, ರಸೆಲ್ ಎಂಬ ಇಂಗ್ಲಿಷ್ ಮನೆತನದ ಲಾಂಛನದಿಂದ ಬಂದದ್ದು. ಹೈದರಾಬಾದಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಹೆನ್ರಿ ರಸೆಲ್ 1813ರಲ್ಲಿ ನಿಜಾಮನ ಹೆಸರಿನಲ್ಲಿ ರಸೆಲ್ ಬ್ರಿಗೇಡ್ ಕಟ್ಟಿದ. ಮುಂದೆ ಅದು ಹೈದರಾಬಾದ್ ಕಂಟಿಂಜೆಂಟಿನ ಭಾಗವಾಯಿತು. ಖರ್ಚು ನಿಜಾಮನದು, ಅಪ್ಪಣೆ ಇಂಗ್ಲಿಷರದು. ಆ ಕಂಟಿಂಜೆಂಟಿನ ಒಂದು ದಂಡು ಬೀಡುಬಿಟ್ಟಿದ್ದು ನಮ್ಮ ಲಿಂಗಸುಗೂರಿನಲ್ಲಿ.

ಈ ಸೈನ್ಯದ ಸಂಬಳದ ಬಾಕಿ ಬೆಳೆದು ನಿಜಾಮನ ತಲೆಮೇಲೆ ಸಾಲವಾಯಿತು. 1853ರ ಒಪ್ಪಂದದಲ್ಲಿ ಅವನು ಬೇರಾರ್, ಧಾರಾಶಿವ ಸೀಮೆಗಳ ಜೊತೆಗೆ ರಾಯಚೂರು ದೋಆಬ್ ಅನ್ನೂ ಇಂಗ್ಲಿಷರ ಕೈಗಿಟ್ಟ. ದೋಆಬ್ ಮರಳಿ ಬಂದದ್ದು 1860ರಲ್ಲಿ. ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ನಮ್ಮ ಊರುಗಳ ರೈತರು ಆ ಏಳು ವರ್ಷ ಕಟ್ಟಿದ ಕಂದಾಯ ಈ ಸೈನ್ಯದ ಲೆಕ್ಕಕ್ಕೆ ಹೋಯಿತು. ಅದೇ ಅವಧಿಯಲ್ಲಿ, 1858ರ ಫೆಬ್ರುವರಿಯಲ್ಲಿ, ಲಿಂಗಸುಗೂರಿನ ದಂಡು ಸುರಪುರದ ರಾಜಾ ವೆಂಕಟಪ್ಪ ನಾಯಕನ ಮೇಲೆ ಹೊರಟಿತು. ನಮ್ಮ ಹೊಲದ ದುಡ್ಡಿನಿಂದ ಸಾಕಿದ ಸೈನ್ಯ ನಮ್ಮ ನೆರೆಯವನ ಮೇಲೇ ನಡೆಯಿತು.

1903ರಲ್ಲಿ ಕಂಟಿಂಜೆಂಟ್ ಬ್ರಿಟಿಷರ ಭಾರತೀಯ ಸೇನೆಯಲ್ಲಿ ಸೇರಿಹೋಯಿತು. ಅದರ ಆರು ಕಾಲಾಳು ಪಡೆಗಳಿಗೆ 94ರಿಂದ 99ರವರೆಗಿನ ಸಂಖ್ಯೆ ಸಿಕ್ಕಿತು. 1905ರಲ್ಲಿ ಲಿಂಗಸುಗೂರು ಜಿಲ್ಲೆಯೂ ಹೋಯಿತು. ಲಿಂಗಸುಗೂರು, ಸಿಂಧನೂರು ತಾಲ್ಲೂಕುಗಳು ರಾಯಚೂರಿಗೆ ಸೇರಿದವು. 1922ರಲ್ಲಿ ಆ ಪಡೆಗಳು 19ನೇ ಹೈದರಾಬಾದ್ ರೆಜಿಮೆಂಟ್ ಆದವು. ಕೊಡಗಿನ ಜನರಲ್ ತಿಮ್ಮಯ್ಯ ಯುವ ಅಧಿಕಾರಿಯಾಗಿ ಸೇರಿದ್ದು ಇದರ 4ನೇ ಬೆಟಾಲಿಯನ್ನಿಗೆ. 1945ರಲ್ಲಿ ಅದು ಕುಮಾವೂ ರೆಜಿಮೆಂಟ್ ಆಯಿತು. 1947ರ ನವೆಂಬರ್ 3ರಂದು ಬಡಗಾಮಿನಲ್ಲಿ ಮಡಿದು, ದೇಶದ ಮೊದಲ ಪರಮವೀರ ಚಕ್ರ ಪಡೆದ ಮೇಜರ್ ಸೋಮನಾಥ ಶರ್ಮಾ ಇದ್ದದ್ದೂ ಅದೇ ಬೆಟಾಲಿಯನ್ನಿನಲ್ಲಿ. ಹೆಸರು ಹೋಯಿತು, ಊರು ಮರೆಯಿತು, ಸಿಂಹ ಮಾತ್ರ ಉಳಿಯಿತು.

ಹಾಗಾಗಿ ನಮ್ಮ ಕಡೆ ಯಾರದಾದರೂ ಮನೆಯ ಅಟ್ಟದಲ್ಲೋ ಹೊಲದ ಮಣ್ಣಿನಲ್ಲೋ ಹಳೆಯ ಹಿತ್ತಾಳೆ ಗುಂಡಿ, ಬಿಲ್ಲೆ ಸಿಕ್ಕರೆ ಗುಜರಿಗೆ ತೂಕಕ್ಕೆ ಹಾಕುವ ಮುನ್ನ ಒಮ್ಮೆ ತಿರುಗಿಸಿ ನೋಡಿ. ಮೇಲೆ ರಸೆಲ್, ಬೇರಾರ್ ಅಥವಾ ಡೆಕ್ಕನ್ ಹೆಸರಿನ ಜೊತೆ 94ರಿಂದ 99ರ ಒಳಗಿನ ಸಂಖ್ಯೆ ಇದ್ದರೆ ಅದು 1903 ಮತ್ತು 1922ರ ನಡುವಿನದು. ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಅಕ್ಷರ ಸವೆಯುತ್ತವೆ. ಯಾವ ಊರು, ಯಾವ ಹೊಲ, ಯಾರಿಂದ ಬಂತು ಎಂದು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಆ ಚೀಟಿ ಇಲ್ಲದಿದ್ದರೆ ಬಿಲ್ಲೆ ದೂರದ ಹವ್ಯಾಸಿಯ ಪೆಟ್ಟಿಗೆಯಲ್ಲಿ ರಸೆಲ್‌ನ ಕಥೆಯನ್ನಷ್ಟೇ ಹೇಳುತ್ತದೆ. ಕಂದಾಯ ಕಟ್ಟಿದವರ ಕಥೆ ಹೇಳಲು ನಮ್ಮ ಊರಿನ ಹೆಸರು ಅದರ ಜೊತೆಗಿರಬೇಕು.